ಮುಖಕ್ಕಿಂತ ಮೊದಲು ಕೆಳಗಿನ ಸಾಲು ಓದಿ

ಮುಂಬೈಯ ಮಾಟುಂಗಾದಲ್ಲಿರುವ ನಮ್ಮ ಮನೆಯ ಗೋಡೆಯ ಮೇಲೆ ಅಂಗೈಗಿಂತ ತುಸು ದೊಡ್ಡದಾದ ಒಂದು ಹಳೆಯ ಅಚ್ಚುಚಿತ್ರ ಇದೆ. ಸರ್ ಜಾನ್ ಮಾಲ್ಕಮ್ ಅವರದ್ದು. ಬಂದವರು ಯಾರಿದು ಎಂದು ಕೇಳುತ್ತಾರೆ. 1827ರಿಂದ 1830ರವರೆಗೆ ಮುಂಬೈ ಗವರ್ನರ್ ಆಗಿದ್ದವರು ಎಂದರೆ "ಹೌದಾ" ಎಂದು ಸುಮ್ಮನಾಗುತ್ತಾರೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ವ್ಯವಸ್ಥೆ ಮಾಡಲು ಕೂತ ಕಮಿಷನ್ನಿಗೆ ಇಬ್ಬರು ಕಾರ್ಯದರ್ಶಿಗಳಿದ್ದರು. ಒಬ್ಬರು ಈ ಮಾಲ್ಕಮ್. ಇನ್ನೊಬ್ಬರು ಮಂತ್ರಾಲಯದ ರಾಯರ ಕಥೆಯಲ್ಲಿ ಬರುವ ಅದೇ ಥಾಮಸ್ ಮನ್ರೋ. ಇಷ್ಟು ಹೇಳಿದರೆ ಕಾಫಿ ಲೋಟ ಕೆಳಗಿಟ್ಟು, ಎದ್ದು ಹತ್ತಿರ ಬಂದು ನೋಡುತ್ತಾರೆ.

ಆ ಚಿತ್ರದ ಕೆಳಗೆ ಈಗ ಒಂದಕ್ಷರವೂ ಇಲ್ಲ. ಮೊದಲು ಇತ್ತು. ಅದು ಹೇಗೆ ಹೋಯಿತು ಎಂದು ಮುಂದೆ ಹೇಳುತ್ತೇನೆ. ನೀವೂ ಹಳೆಯ ರಾಜಕಾರಣಿಗಳ, ದಿವಾನರ, ಗವರ್ನರುಗಳ ಕೆತ್ತನೆ ಭಾವಚಿತ್ರ ಸಂಗ್ರಹಿಸಬೇಕು ಎಂದಿದ್ದರೆ ಆ ತಪ್ಪು ನಿಮ್ಮಿಂದ ಆಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಗುಂಪು ಆರಿಸಿ

ಕಂಡದ್ದೆಲ್ಲ ಕೊಳ್ಳಬೇಡಿ. ಫೋಟೊ ಬರುವ ಮೊದಲು ಯುರೋಪಿನಲ್ಲಿ ದೊಡ್ಡ ಮನುಷ್ಯರ ಮುಖ ಜನರಿಗೆ ತಲುಪುತ್ತಿದ್ದದ್ದು ಹೀಗೆ ಅಚ್ಚಾದ ಚಿತ್ರಗಳಿಂದಲೇ. ಹಾಗಾಗಿ ಇವು ರಾಶಿ ರಾಶಿ ಇವೆ. ಗುರಿ ಇಲ್ಲದೆ ಕೊಂಡರೆ ಎರಡು ವರ್ಷದಲ್ಲಿ ಮನೆಯಲ್ಲಿ ರದ್ದಿ ಸೇರುತ್ತದೆ.

ನಾನು ಆರಿಸಿಕೊಂಡದ್ದು 1799ರ ಆ ಕಮಿಷನ್ನಿನ ಸುತ್ತಲಿನವರನ್ನು. ಮಾಲ್ಕಮ್, ಮನ್ರೋ, ಗವರ್ನರ್ ಜನರಲ್ ವೆಲ್ಲೆಸ್ಲಿ, ಅವರ ತಮ್ಮ ಆರ್ಥರ್ ವೆಲ್ಲೆಸ್ಲಿ. ಈ ಆರ್ಥರ್ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯೂ ಆದರು. ಅವರ ಚಿತ್ರಗಳು ಬೇಕಾದಷ್ಟು ಸಿಗುತ್ತವೆ, ಕಲಿಯಲು ಒಳ್ಳೆಯದು. ಮನ್ರೋ ಸಿಗಲು ಕಾಯಬೇಕು. ನಮ್ಮ ದಿವಾನ್ ಪೂರ್ಣಯ್ಯನವರನ್ನು ಥಾಮಸ್ ಹಿಕಿ ಎಂಬ ಚಿತ್ರಕಾರ ಎದುರಿಗೆ ಕೂರಿಸಿಕೊಂಡೇ ಬರೆದಿದ್ದಾರೆ. ಆ ಮುಖವನ್ನು ನೋಡಿಯೇ ಈ ಗುಂಪು ನನ್ನ ತಲೆಗೆ ಹೊಳೆದದ್ದು.

ನಿಮಗೆ ಬೇರೆ ಗುಂಪು ಹಿಡಿಸಬಹುದು. ಮುಂಬೈ ಗವರ್ನರುಗಳನ್ನು ಹಿಡಿದರೆ 1819ರಿಂದ 1827ರವರೆಗಿನ ಎಲ್ಫಿನ್‌ಸ್ಟನ್ ಒಳ್ಳೆಯ ಆರಂಭ. ಪುಣೆಯ ಪೇಶ್ವೆ ದರ್ಬಾರಾದರೆ ನಾನಾ ಫಡ್ನವಿಸ್ ಇದ್ದಾರೆ. 1790ರ ದಶಕದಲ್ಲಿ ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನ ಚಿತ್ರಕಾರ ಪುಣೆಗೇ ಹೋಗಿ ಅವರ ಚಿತ್ರ ಬರೆದಿದ್ದರು. ಗೋವಾದವರಿಗೆ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಇದ್ದಾನೆ, ಆದರೆ ಒಂದು ಎಚ್ಚರ. ಅವನು ತೀರಿಕೊಂಡದ್ದು 1515ರಲ್ಲಿ. ಈಗ ಸಿಗುವ ಕೆತ್ತನೆಗಳು ಬಹಳ ಕಾಲದ ನಂತರದವು, ಒಂದನ್ನು ನೋಡಿ ಇನ್ನೊಂದು ಮಾಡಿದವು.

ಹೈದರ್ ಮತ್ತು ಟಿಪ್ಪು ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಅವರನ್ನು ಎಂದೂ ನೋಡದವರು ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಕೂತು ಮುಖ ಕಲ್ಪಿಸಿಕೊಂಡಿದ್ದಾರೆ. ಒಂದು ಫ್ರೆಂಚ್ ಚಿತ್ರದಲ್ಲಂತೂ ಹೈದರಾಲಿಯನ್ನು ಮರಾಠರ ಸೇನಾಪತಿ ಎಂದೇ ಬರೆದುಬಿಟ್ಟಿದ್ದಾರೆ! ಇಂಥವನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಆ ಕಾಲದ ಯುರೋಪಿನವರ ತಲೆಯಲ್ಲಿ ಮೈಸೂರು ಹೇಗಿತ್ತು ಎಂದು ಅವು ತೋರಿಸುತ್ತವೆ. ಆದರೆ ಹೈದರನ ನಿಜವಾದ ಮುಖ ಎಂದು ನಂಬಿ ದುಡ್ಡು ಕೊಡಬೇಡಿ.

ಅಚ್ಚಿನ ಬಗೆ ಗುರುತಿಸಲು ಕಲಿಯಿರಿ

ಇದಕ್ಕೆ ಬೇಕಾದದ್ದು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ. ಚಿನ್ನದ ಕೆಲಸದವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ ಲೂಪ್. ಅದೊಂದನ್ನು ಜೇಬಿನಲ್ಲಿಟ್ಟುಕೊಂಡು ಒಂದು ತಿಂಗಳು ಏನೂ ಕೊಳ್ಳದೆ ಸುಮ್ನೆ ನೋಡಿ.

ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಶಾಯಿ ತುಂಬಿ, ಮೇಲಿನದ್ದನ್ನು ಒರೆಸಿ, ಒದ್ದೆ ಕಾಗದವನ್ನು ಅದರ ಮೇಲಿಟ್ಟು ಭಾರವಾಗಿ ಒತ್ತುತ್ತಾರೆ. ಕಾಗದ ಗೆರೆಯೊಳಗೆ ಇಳಿದು ಶಾಯಿ ಎತ್ತಿಕೊಳ್ಳುತ್ತದೆ. ಇದೇ ಕೆತ್ತನೆ ಚಿತ್ರದ ಗುಟ್ಟು. ಹಾಗಾಗಿ ಎರಡು ಗುರುತು ಉಳಿಯುತ್ತವೆ. ಒಂದು, ಗೆರೆಯ ಶಾಯಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಕಿಟಕಿಯ ಬೆಳಕಿಗೆ ಕಾಗದವನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಎರಡು, ತಗಡಿನ ಅಂಚು ಕಾಗದದಲ್ಲಿ ಒತ್ತಿ ಚಿತ್ರದ ಸುತ್ತ ತಗ್ಗಾದ ಒಂದು ಚೌಕಟ್ಟು ಬಿದ್ದಿರುತ್ತದೆ. ಇದಕ್ಕೆ ಪ್ಲೇಟ್ ಮಾರ್ಕ್ ಎನ್ನುತ್ತಾರೆ.

ಗನ್ನಡಿಯಲ್ಲಿ ನೋಡಿದಾಗ ಗೆರೆ ಸಣ್ಣದಾಗಿ ಶುರುವಾಗಿ, ನಡುವೆ ದಪ್ಪಗಾಗಿ, ಮತ್ತೆ ಚೂಪಾಗಿ ಮುಗಿದರೆ ಅದು ಉಳಿಯ ಗೆರೆ. ಮುಖವೆಲ್ಲ ಗೆರೆಯ ಬದಲು ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿದ್ದರೆ ಅದು ಸ್ಟಿಪಲ್. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಇದಕ್ಕೆ ತುಂಬಾ ಬೇಡಿಕೆ ಇತ್ತು. ಮಕಮಲ್ಲಿನ ಹಾಗೆ ದಟ್ಟ ಕಪ್ಪು ಇದ್ದರೆ ಮೆಜೊಟಿಂಟ್. ಅದರಲ್ಲಿ ಮೊದಲು ತಗಡನ್ನೆಲ್ಲ ಒರಟು ಮಾಡಿ, ಆಮೇಲೆ ಬೆಳಕು ಬೇಕಾದ ಕಡೆ ಮಾತ್ರ ಹೆರೆದು ನಯಮಾಡುತ್ತಾರೆ. ಅಂದರೆ ಕತ್ತಲಿನಿಂದ ಮುಖವನ್ನು ಹೊರಗೆ ತೆಗೆಯುವ ಕೆಲಸ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಆದರೆ ತಗಡಿನ ಆ ಒರಟು ಬೇಗ ಸವೆಯುತ್ತದೆ, ಹಾಗಾಗಿ ಮೊದಮೊದಲು ತೆಗೆದ ಪ್ರತಿಗಳಿಗೂ ಕೊನೆಯವಕ್ಕೂ ಅಜಗಜಾಂತರ. ಕಪ್ಪು ಬೂದಿಯ ಹಾಗೆ ಕಂಡರೆ ಅದು ಸವೆದ ತಗಡು.

1820ರ ದಶಕದಿಂದ ತಾಮ್ರದ ಬದಲು ಉಕ್ಕಿನ ತಗಡು ಬಂತು. ಉಕ್ಕು ಗಟ್ಟಿ, ಸಾವಿರಾರು ಪ್ರತಿ ತೆಗೆದರೂ ಸವೆಯುವುದಿಲ್ಲ. ಗೆರೆಗಳು ಬಹಳ ನವಿರು, ಒತ್ತೊತ್ತಾಗಿ, ತುಸು ಬೆಳ್ಳಿಯ ಛಾಯೆಯಲ್ಲಿ ಇರುತ್ತವೆ. ಪುಸ್ತಕಗಳಿಗೆ ಹಾಕಿದ ಭಾವಚಿತ್ರಗಳಲ್ಲಿ ಹೆಚ್ಚಿನವು ಇವೇ. ಹೊಸಬರ ಜೇಬಿಗೂ ಇವೇ ಸರಿ.

ಮರದ ಅಚ್ಚು ಬೇರೆ. ಅಲ್ಲಿ ಉಬ್ಬಿದ ಭಾಗಕ್ಕೆ ಶಾಯಿ, ಪ್ಲೇಟ್ ಮಾರ್ಕ್ ಇರುವುದಿಲ್ಲ. 1842ರಲ್ಲಿ ಶುರುವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆಯ ಚಿತ್ರಗಳು ಹೀಗೆ ಆದವು. ದೊಡ್ಡ ಚಿತ್ರಕ್ಕೆ ಹಲವು ಮರದ ತುಂಡು ಜೋಡಿಸುತ್ತಿದ್ದರು, ಕೆಲವೊಮ್ಮೆ ಆ ಜೋಡಣೆಯ ಬಿಳಿ ಗೆರೆಯೂ ಕಾಣುತ್ತದೆ. ಕಲ್ಲಚ್ಚಿನಲ್ಲಿ, ಅಂದರೆ ಲಿಥೊಗ್ರಾಫಿನಲ್ಲಿ, ಬಳಪದ ಹಾಗೆ ತರಿತರಿ ಇರುತ್ತದೆ. ಪುಣೆಯ ಚಿತ್ರಶಾಲಾ ಪ್ರೆಸ್ 1878ರಿಂದ ಅಚ್ಚು ಹಾಕಿದ ಮರಾಠ ಇತಿಹಾಸದ ಚಿತ್ರಗಳು ಕಲ್ಲಚ್ಚಿನವು. ಅವು ಅಪರೂಪದವೇ, ಆದರೆ ಕೆತ್ತನೆ ಎಂದು ಹೇಳಿ ಮಾರಿದರೆ ಒಪ್ಪಬೇಡಿ.

ಇನ್ನು ಗನ್ನಡಿಯಲ್ಲಿ ಸಾಲಾಗಿ, ಜರಡಿಯ ಹಾಗೆ ಸಮನಾದ ಚುಕ್ಕಿಗಳು ಕಂಡರೆ? ಅದು ಫೋಟೊದಿಂದ ಮಾಡಿದ ಮರುಮುದ್ರಣ. ನಮಸ್ಕಾರ ಹೇಳಿ ಎದ್ದು ಬನ್ನಿ.

ಈಗ ಕೆಳಗಿನ ಸಾಲು

ಚಿತ್ರದ ಕೆಳಗೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಏನೋ ಬರೆದಿರುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ನಾನು ಮುಖಕ್ಕಿಂತ ಮೊದಲು ಅದನ್ನೇ ಓದುತ್ತೇನೆ.

ಎಡಗಡೆ ಹೆಸರಿನ ಮುಂದೆ ಪಿಂಕ್ಸಿಟ್ ಎಂದಿದ್ದರೆ ಅವರು ಮೂಲ ಬಣ್ಣದ ಚಿತ್ರ ಬರೆದವರು. ಡೆಲಿನಿಯಾವಿಟ್ ಎಂದಿದ್ದರೆ ರೇಖಾಚಿತ್ರ ಬರೆದವರು. ಬಲಗಡೆ ಸ್ಕಲ್ಪ್ಸಿಟ್ ಎಂದಿದ್ದರೆ ತಗಡು ಕೆತ್ತಿದವರು. ಎಕ್ಸ್‌ಕುಡಿಟ್ ಎಂದರೆ ಪ್ರಕಟಿಸಿದವರು. ಎಲ್ಲ ಲ್ಯಾಟಿನ್ ಪದಗಳು. ಸಾಮಾನ್ಯವಾಗಿ ಮೊದಲ ಕೆಲವು ಅಕ್ಷರ ಮಾತ್ರ ಕೊಟ್ಟು ಚುಕ್ಕಿ ಇಟ್ಟಿರುತ್ತಾರೆ. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರೆ ವಾರದಲ್ಲಿ ಬಾಯಿಪಾಠ ಆಗುತ್ತದೆ.

ನಡುವೆ ಅಥವಾ ತೀರಾ ಕೆಳಗೆ ಪ್ರಕಾಶಕರ ವಿಳಾಸ, ತಾರೀಖು ಇರುತ್ತದೆ. ಇದಕ್ಕೆ ಕಾನೂನಿನ ಕಾರಣ ಇದೆ. ವಿಲಿಯಂ ಹೋಗಾರ್ಥ್ ಎಂಬ ಕೆತ್ತನೆಗಾರರೂ ಅವರ ಜೊತೆಯವರೂ ಪಟ್ಟುಹಿಡಿದ ಮೇಲೆ, ಇಂಗ್ಲೆಂಡಿನಲ್ಲಿ 1735ರಲ್ಲಿ ಕೆತ್ತನೆಗಾರರ ಹಕ್ಕು ಕಾಯುವ ಕಾಯ್ದೆ ಜಾರಿಗೆ ಬಂತು. ಹಕ್ಕು ಉಳಿಯಬೇಕಾದರೆ ಒಡೆಯನ ಹೆಸರು ಮತ್ತು ಪ್ರಕಟಣೆಯ ದಿನ ತಗಡಿನ ಮೇಲೇ ಕೆತ್ತಿರಬೇಕಿತ್ತು. ಅವತ್ತಿನವರು ತಮ್ಮ ಹೊಟ್ಟೆಪಾಡಿಗೆ ಕೆತ್ತಿದ ಆ ಸಾಲು ಇಂದು ನಮಗೆ ಜಾತಕದ ಹಾಗೆ ಸಿಕ್ಕಿದೆ.

ಒಂದು ವಿಷಯ ಮರೆಯಬೇಡಿ. ಆ ತಾರೀಖು ತಗಡಿನದ್ದು, ಕಾಗದದ್ದಲ್ಲ. 1795ರ ತಗಡಿನಿಂದ 1850ರಲ್ಲೂ ಪ್ರತಿ ತೆಗೆಯಬಹುದು. ಕಾಗದದ ವಯಸ್ಸಿಗೆ ಅದನ್ನು ಬೆಳಕಿಗೆ ಎತ್ತಿ ಹಿಡಿಯಿರಿ. ಸಮನಾಂತರ ಗೆರೆಗಳು ಕಂಡರೆ ಹಳೆಯ ಕ್ರಮದ ಕೈಕಾಗದ. ಗೆರೆ ಇಲ್ಲದ ನಯ ಕಾಗದವನ್ನು ಇಂಗ್ಲೆಂಡಿನಲ್ಲಿ ಮೊದಲು ಮಾಡಿದವರು ಜೇಮ್ಸ್ ವಾಟ್‌ಮನ್, 1750ರ ದಶಕದಲ್ಲಿ. ಅವರ ಹೆಸರಿನ ನೀರಚ್ಚು, ಅಂದರೆ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತು, ಎಷ್ಟೋ ಚಿತ್ರಗಳಲ್ಲಿ ಸಿಗುತ್ತದೆ. 1794ರ ನಂತರದ ಇಂಗ್ಲಿಷ್ ಕಾಗದದ ನೀರಚ್ಚಿನಲ್ಲಿ ಹಲವು ಸಲ ವರ್ಷವೂ ಇರುತ್ತದೆ. ಕೆಳಗೆ 1795 ಎಂದಿದ್ದು ನೀರಚ್ಚಿನಲ್ಲಿ 1820 ಎಂದಿದ್ದರೆ ನಿಮಗೆ ಉತ್ತರ ಸಿಕ್ಕಿತು, ಅಲ್ವಾ?

ಎಲ್ಲಿ ಹುಡುಕುವುದು

ಚೋರ್ ಬಜಾರಿನ ಮಟನ್ ಸ್ಟ್ರೀಟ್. ಗ್ರಾಂಟ್ ರೋಡ್ ಸ್ಟೇಷನ್ನಿನಿಂದಲೂ ಸ್ಯಾಂಡ್‌ಹರ್ಸ್ಟ್ ರೋಡಿನಿಂದಲೂ ನಡೆದೇ ಹೋಗಬಹುದು. ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ, ಅವತ್ತು ಬೆಳಗ್ಗೆ ರಸ್ತೆಯ ಮೇಲೆ ಜುಮ್ಮಾ ಬಜಾರ್ ಕೂರುತ್ತದೆ. ಚಿತ್ರಗಳು ಎದುರಿಗೆ ತೂಗಿರುವುದು ಕಡಿಮೆ. ಹಳೆಯ ಸಿನಿಮಾ ಪೋಸ್ಟರುಗಳ ಹಿಂದೆ, ಒಡೆದ ಫ್ರೇಮುಗಳ ರಾಶಿಯಲ್ಲಿ ಇರುತ್ತವೆ. "ಚಾಚಾ, ಪುರಾನಾ ಛಾಪಾ ಹುವಾ ಫೋಟೊ ಹೈ ಕ್ಯಾ, ಅಂಗ್ರೇಜ್ ಸಾಹೇಬ್ ಕಾ?" ಎಂದು ಕೇಳಿ. ಎನ್‌ಗ್ರೇವಿಂಗ್ ಬೇಕು ಎಂದರೆ ಬೆಲೆ ಅಲ್ಲೇ ಏರುತ್ತದೆ.

ಕೊಲಾಬಾದಲ್ಲಿ ರೀಗಲ್ ಥಿಯೇಟರಿನ ಎದುರಿನ ಫಿಲಿಪ್ಸ್ ಆಂಟಿಕ್ಸ್ 1860ರಿಂದ ಇರುವ ಅಂಗಡಿ. ಹಳೆಯ ನಕ್ಷೆ, ಅಚ್ಚುಚಿತ್ರಗಳಿಗೆ ಹೆಸರಾದದ್ದು. ಅಸಲಿ ಚಿತ್ರ ಹೇಗಿರುತ್ತದೆ ಎಂದು ಕಣ್ಣು ಪಳಗಿಸಲು ಅಲ್ಲಿಗೆ ಒಮ್ಮೆ ಹೋಗಿ. ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತ್ ಪುಸ್ತಕದವರ ಹತ್ತಿರ ಬೈಂಡು ಕಿತ್ತ ಹಳೆಯ ಪುಸ್ತಕಗಳು ಬರುತ್ತವೆ. ಮೊದಲ ಪುಟದ ಎದುರಿಗೆ ಭಾವಚಿತ್ರ ಇದೆಯೇ ನೋಡಿ. ಪುಣೆಯಲ್ಲಾದರೆ ಬುಧವಾರ, ಭಾನುವಾರದ ಜೂನಾ ಬಜಾರ್.

ಇಲ್ಲಿ ಒಂದು ಮಾತು ಕಳಕಳಿಯಿಂದ ಹೇಳುತ್ತೇನೆ. ಚಿತ್ರಕ್ಕಾಗಿ ಪುಸ್ತಕ ಹರಿಯಬೇಡಿ. 1769ರಲ್ಲಿ ಜೇಮ್ಸ್ ಗ್ರೇಂಜರ್ ಎಂಬ ಪಾದ್ರಿ ಇಂಗ್ಲೆಂಡಿನ ಗಣ್ಯರ ಚರಿತ್ರೆಯ ಪುಸ್ತಕವೊಂದನ್ನು ತಂದರು. ಯಾರ ಯಾರ ಕೆತ್ತನೆ ಭಾವಚಿತ್ರ ಇದೆ ಎಂಬ ಪಟ್ಟಿ ಅದರಲ್ಲಿತ್ತು. ಓದಿದವರು ಆ ಚಿತ್ರಗಳನ್ನೆಲ್ಲ ಕೂಡಿಸಿ ತಮ್ಮ ಪ್ರತಿಗೆ ಅಂಟಿಸಲು ಹೊರಟರು. ಅದಕ್ಕಾಗಿ ಬೇರೆ ಎಷ್ಟೋ ಪುಸ್ತಕಗಳು ಹರಿದು ಹೋದವು. ಹಾಗೆ ಪುಸ್ತಕಕ್ಕೆ ಹೊರಗಿನ ಚಿತ್ರ ಸೇರಿಸುವುದಕ್ಕೆ ಇಂಗ್ಲಿಷಿನಲ್ಲಿ ಅವರ ಹೆಸರೇ ಉಳಿದಿದೆ. ಆಗಲೇ ಬಿಡಿಯಾಗಿ ಬಂದ ಪುಟ ಕೊಳ್ಳಿ, ಉಳಿಸಿದ ಹಾಗಾಗುತ್ತದೆ. ಗಟ್ಟಿಯಾಗಿರುವ ಪುಸ್ತಕವನ್ನು ಇಡಿಯಾಗಿಯೇ ಕೊಳ್ಳಿ, ಇಲ್ಲವೇ ಬಿಟ್ಟುಬಿಡಿ.

ಕೈಗೆ ಬಂದಾಗ ಏನು ನೋಡಬೇಕು

ಫ್ರೇಮಿನಿಂದ ಹೊರಗೆ ತೆಗೆದು ತೋರಿಸಲು ಹೇಳಿ. ಗಾಜಿನ ಹಿಂದಿರುವುದನ್ನು ಹಾಗೇ ಕೊಳ್ಳಬೇಡಿ. ಅಂಗಡಿಯವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಮೊದಲು ಅಂಚು. ಪ್ಲೇಟ್ ಮಾರ್ಕಿನ ಹೊರಗೆ ಖಾಲಿ ಕಾಗದ ಉಳಿದಿದ್ದರೆ ಒಳ್ಳೆಯದು. ಅದರ ಒಳಗೇ ಕತ್ತರಿಸಿದ್ದರೆ ಬೆಲೆ ಬಹಳ ಇಳಿಯಬೇಕು. ಆಮೇಲೆ ಬಣ್ಣ. ಈ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪು ಶಾಯಿಯಲ್ಲೇ ಬಂದವು. ಕೆನ್ನೆಗೆ ಕೆಂಪು, ಕೋಟಿಗೆ ನೀಲಿ ಹೊಸದಾಗಿ ಹೊಳೆಯುತ್ತಿದ್ದರೆ ಮಾರುವುದಕ್ಕಾಗಿ ಯಾರೋ ಆಮೇಲೆ ಬಳಿದದ್ದು.

ಚಹಾದಲ್ಲಿ ಅದ್ದಿ ಹಳೆಯದು ಮಾಡಿದ ಕಾಗದ ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತದೆ. ನಿಜವಾಗಿ ಹಳೆಯದಾದದ್ದು ಸಾಮಾನ್ಯವಾಗಿ ಅಂಚಿನಿಂದ ಒಳಗೆ ಕಂದುತ್ತಾ ಬರುತ್ತದೆ. ನೋಟು ಪರೀಕ್ಷಿಸುವ ಸಣ್ಣ ನೇರಳೆ ಟಾರ್ಚ್ ಇಟ್ಟುಕೊಳ್ಳಿ. ಕತ್ತಲಲ್ಲಿ ಅದರ ಬೆಳಕಿಗೆ ಕಾಗದ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಕೊಡುವ ರಾಸಾಯನಿಕ ಇದೆ ಎಂದರ್ಥ. ಅದನ್ನು ಕಾಗದಕ್ಕೆ ಸೇರಿಸಲು ಶುರುಮಾಡಿದ್ದು 1950ರ ಆಸುಪಾಸಿನಲ್ಲಿ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪತ್ರಿಕೆಯಿಂದ ಬಂದ ಮರದಚ್ಚು ಅಗ್ಗ, ಪುಸ್ತಕದ ಉಕ್ಕಿನ ಕೆತ್ತನೆ ಅದಕ್ಕಿಂತ ತುಸು ಮೇಲೆ, ಒಳ್ಳೆಯ ಮೆಜೊಟಿಂಟ್ ಎಲ್ಲಕ್ಕಿಂತ ಮೇಲೆ. ಅಂಗಡಿಯಲ್ಲಿ ನಿಂತೇ ಫೋನಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಅಥವಾ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹ ತೆರೆದು ಅದೇ ಚಿತ್ರ ಹುಡುಕಿ. ಕೆತ್ತಿದವರ ಹೆಸರು ಹಾಕಿದರೆ ಬೇಗ ಸಿಗುತ್ತದೆ. ಅದಕ್ಕೂ ಕೆಳಗಿನ ಸಾಲೇ ಬೇಕು.

ಮನೆಗೆ ತಂದ ಮೇಲೆ

ಈಗ ನನ್ನ ಮಾಲ್ಕಮ್ ಕಥೆ. ಚಿತ್ರ ಸಿಕ್ಕ ಖುಷಿಯಲ್ಲಿ ಮರುದಿನವೇ ಫ್ರೇಮ್ ಹಾಕುವ ಒಬ್ಬರಿಗೆ ಕೊಟ್ಟೆ. ಹಿಂದೆ ಮುಂದೆ ಫೋಟೊ ತೆಗೆಯಲಿಲ್ಲ, ಕೆಳಗಿನ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿಲ್ಲ. ಅವರು ತಮ್ಮ ಬಳಿ ಇದ್ದ ಫ್ರೇಮಿನ ಅಳತೆಗೆ ಸರಿಯಾಗಿ ಕೆಳಗಿನ ಅಂಚನ್ನು ಕತ್ತರಿಸಿದರು. ಹಾರ್ಡ್‌ಬೋರ್ಡಿಗೆ ಅಂಟು ಬಳಿದು ಪೂರ್ತಿ ಅಂಟಿಸಿದರು. "ನೀಟಾಗಿ ಕಾಣ್ಲಿ ಅಂತ ಮಾಡಿದೆ ಸರ್" ಎಂದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆ ಕಾಗದದ ಚೂರಿಗಾಗಿ ಅವರ ಕಸದ ಬುಟ್ಟಿ ಹುಡುಕಿದೆ, ಸಿಗಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಹಾಗಾಗಿ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ಫ್ರೇಮಿನವರಿಗೆ ಮೂರು ಮಾತು ಬರೆದೇ ಕೊಡಿ: ಕತ್ತರಿಸಬಾರದು, ಅಂಟಿಸಬಾರದು, ಗಾಜು ಕಾಗದಕ್ಕೆ ತಾಗಬಾರದು. ಆಮ್ಲ ಇಲ್ಲದ ಮೌಂಟ್ ಬೋರ್ಡ್ ಕೇಳಿ. ಸಾದಾ ಬೋರ್ಡಿನ ಆಮ್ಲ ಕೆಲವು ವರ್ಷಗಳಲ್ಲಿ ಚಿತ್ರದ ಸುತ್ತ ಕಂದು ಗೆರೆ ಬಿಡುತ್ತದೆ. ಚಿತ್ರವನ್ನು ಮೇಲಿನ ಅಂಚಿನಲ್ಲಿ ಮಾತ್ರ, ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳಿಂದ, ಗೋಧಿ ಪಿಷ್ಟದ ಗಂಜಿಯಲ್ಲಿ ತೂಗುಹಾಕಬೇಕು. ನೀರು ತಾಗಿಸಿದರೆ ಬಿಡಿಸಿಕೊಳ್ಳುವ ಅಂಟು ಅದು. ಸೆಲ್ಲೊಟೇಪ್ ಬೇಡವೇ ಬೇಡ. ಲ್ಯಾಮಿನೇಷನ್ ಮಾಡಿಸಿದರೆ ಚಿತ್ರದ ಕಥೆ ಅಲ್ಲಿಗೆ ಮುಗಿಯಿತು.

ಮುಂಬೈಯಲ್ಲಿ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಒಳಗೋಡೆಯಲ್ಲೂ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ಚೂರು ಅಂಟಿಸಿ, ಗಾಳಿ ಆಡಲಿ. ಬಿಸಿಲು ನೇರವಾಗಿ ಬೀಳಬಾರದು. ತೂಗುಹಾಕದ ಚಿತ್ರಗಳನ್ನು ಆಮ್ಲ ಇಲ್ಲದ ಫೋಲ್ಡರಿನಲ್ಲಿ ಮಲಗಿಸಿಡಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ಬದಲಾದಾಗ ಒಣಗಿಸಿ. ನಮ್ಮ ಮನೆಯಲ್ಲಿ ಚೌತಿಗೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ ಎಲ್ಲವನ್ನೂ ತೆರೆದು ನೋಡುತ್ತೇವೆ. ಕಂದು ಚುಕ್ಕಿ ಬಂದಿದೆಯೇ, ಸಿಲ್ವರ್‌ಫಿಶ್ ಹುಳ ಅಂಚು ಕೆರೆದಿದೆಯೇ ಎಂದು.

ಚುಕ್ಕಿ ಕಂಡರೆ ನೀವೇ ಬ್ಲೀಚ್ ಹಾಕಲು ಹೋಗಬೇಡಿ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾಕೃತಿ ಸಂರಕ್ಷಣೆಯ ಕೇಂದ್ರ ಇದೆ. ಬೆಲೆಬಾಳುವ ಚಿತ್ರವಾದರೆ ಬಲ್ಲವರನ್ನು ಕೇಳಿ. ಸಾಧಾರಣದ್ದಾದರೆ ಚುಕ್ಕಿ ಇದ್ದರೆ ಇರಲಿ, ಒಣಗಿದ ಜಾಗಕ್ಕೆ ಬದಲಾಯಿಸಿದರೆ ಸಾಕು.

ಕಾನೂನಿನ ಒಂದು ವಿಷಯ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪುರಾವಸ್ತು. ಅದನ್ನು ನಾವು ನೀವು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದ ಮಗನಿಗೆ ಉಡುಗೊರೆ ಎಂದು ಸೂಟ್‌ಕೇಸಿನಲ್ಲಿ ಇಡಬೇಡಿ. ಕೊಂಡಾಗ ರಸೀದಿ ಕೇಳಿ ತೆಗೆದುಕೊಳ್ಳಿ.

ಒಂದು ನೋಟ್‌ಬುಕ್

ಒಂದು ಚಿತ್ರಕ್ಕೆ ಒಂದು ಪುಟ. ಯಾರದ್ದು, ಬರೆದವರು, ಕೆತ್ತಿದವರು, ಪ್ರಕಾಶಕರು, ತಾರೀಖು, ನೀರಚ್ಚು, ಎಲ್ಲಿ ಎಷ್ಟಕ್ಕೆ ಕೊಂಡೆ. ಚಿತ್ರದ ಹಿಂದೆ ಹಳೆಯ ಒಡೆಯರು ಪೆನ್ಸಿಲ್ಲಿನಲ್ಲಿ ಏನಾದರೂ ಬರೆದಿದ್ದರೆ ಅಳಿಸಬೇಡಿ, ಅದನ್ನೂ ಪುಟದಲ್ಲಿ ಇಳಿಸಿ. ನಿಮ್ಮ ಗುರುತು ಹಾಕುವುದಾದರೆ ಮೌಂಟಿನ ಮೇಲೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹಾಕಿ, ಪೆನ್ನು ಬೇಡ.

ಬಿಡುವಾದಾಗ ಆ ಮುಖಗಳನ್ನು ಕಲ್ಲಿನಲ್ಲೂ ನೋಡಿ ಬನ್ನಿ. ಫೋರ್ಟಿನಲ್ಲಿ ಟೌನ್ ಹಾಲಿನ ಮೆಟ್ಟಿಲು ಹತ್ತಿ ಏಷ್ಯಾಟಿಕ್ ಸೊಸೈಟಿಯೊಳಗೆ ಹೋದರೆ ಇಂಗ್ಲೆಂಡಿನ ಶಿಲ್ಪಿ ಚಾಂಟ್ರಿ ಕಡೆದ ಮಾಲ್ಕಮ್, ಎಲ್ಫಿನ್‌ಸ್ಟನ್ ಇಬ್ಬರೂ ಅಮೃತಶಿಲೆಯಲ್ಲಿ ನಿಂತಿದ್ದಾರೆ. ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ತೋಟದಲ್ಲಿ ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್, ವೆಲ್ಲೆಸ್ಲಿ ಪ್ರತಿಮೆಗಳಿವೆ. ನಿಮ್ಮ ಚಿತ್ರದ ಫೋಟೊ ಫೋನಿನಲ್ಲಿ ತೆರೆದು ಪಕ್ಕಕ್ಕೆ ಹಿಡಿದು ಮೂಗು, ಗಲ್ಲ ಹೋಲಿಸಿ. ನಾನು ಮಾಲ್ಕಮ್ ಎದುರು ಎಷ್ಟು ಸಲ ಹಾಗೆ ನಿಂತಿದ್ದೇನೋ ಲೆಕ್ಕವಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಮಾಲ್ಕಮ್ ಪುಟದಲ್ಲಿ ಕೆತ್ತಿದವರ ಹೆಸರಿನ ಜಾಗ ಖಾಲಿ ಇದೆ. ಆನ್‌ಲೈನ್ ಸಂಗ್ರಹಗಳಲ್ಲಿ ಒಂದೊಂದು ಮಾಲ್ಕಮ್ ಚಿತ್ರವನ್ನೂ ದೊಡ್ಡದು ಮಾಡಿ, ಕೊರಳಪಟ್ಟಿಯ ಹತ್ತಿರದ ಗೆರೆಗಳನ್ನು ನನ್ನ ಪ್ರತಿಯ ಜೊತೆ ಗನ್ನಡಿ ಹಿಡಿದು ಹೋಲಿಸುತ್ತಿದ್ದೇನೆ. ಎರಡು ಹತ್ತಿರ ಬಂದವು, ಆದರೆ ಅವಲ್ಲ. ಸಿಕ್ಕಿದ ದಿನ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ.